ಕೃಷಿ ಹೊಂಡದಲ್ಲಿ ಚಳಿಗಾಲಕ್ಕೆ ಟ್ರೌಟ್ ಬಿಡೋದು ಹೇಗೆ: ಬಿಡೋ ದಿನದಿಂದ ಹಿಡಿಯೋ ದಿನದವರೆಗೆ

ಚಳಿಗಾಲ ಹತ್ತಿರ ಬಂತು ಅಂದ್ರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಾನೇ ಇರುತ್ತೆ. ಹೊಂಡದ ನೀರು ಈಗ ತಣ್ಣಗಿದೆ, ಟ್ರೌಟ್ ಬಿಡ್ಬಹುದಾ, ಎಷ್ಟು ಬಿಡ್ಬೇಕು, ಬಿಟ್ರೆ ಬದುಕುತ್ತಾ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳೋ ಬದಲು ಎಲ್ಲಾನೂ ಒಂದೇ ಕಡೆ ಬರೆದಿಡ್ತಿದೀನಿ. ಉದ್ದ ಇದೆ, ಆದ್ರೆ ಮೀನು ತರೋಕೆ ಮುಂಚೆನೇ ಪೂರ್ತಿ ಓದಿ, ತಂದ ಮೇಲೆ ಓದಿದ್ರೆ ಇದರಲ್ಲಿ ಅರ್ಧ ಉಪಯೋಗಕ್ಕೆ ಬರಲ್ಲ.

ಬಿಡ್ಬಹುದು. ಬೇಸಿಗೆಯಲ್ಲಿ ಟ್ರೌಟ್ ಬದುಕೋಕೇ ಆಗದಷ್ಟು ಬಿಸಿಯಾಗೋ ಹೊಂಡದಲ್ಲೂ ಚಳಿಗಾಲದ ನಾಲ್ಕೈದು ತಿಂಗಳು ಚೆನ್ನಾಗಿ ಬೆಳೆಸ್ಬಹುದು. ಆದ್ರೆ ಎಲ್ಲರೂ ಬಿಡೋ ದಿನದ ಬಗ್ಗೆನೇ ಕೇಳ್ತಾರೆ, ಹಿಡಿದು ಖಾಲಿ ಮಾಡೋ ದಿನದ ಬಗ್ಗೆ ಕೇಳೋರು ಕಮ್ಮಿ. ನಾನು ನೋಡಿರೋ ಮಟ್ಟಿಗೆ ಈ ಕೆಲಸ ಕೆಡೋದು ಆ ಎರಡನೇ ದಿನದಲ್ಲಿ. ಎರಡೂ ದಿನಾನ ಕ್ಯಾಲೆಂಡರ್ ನೋಡಿ ಗುರುತು ಹಾಕೋಕಾಗಲ್ಲ, ನೀರೊಳಗೆ ಬಿಟ್ಟ ಥರ್ಮಾಮೀಟರ್ ಹೇಳ್ಬೇಕು.

ಯಾವ ಟ್ರೌಟ್ ಅಂತ ಕೇಳಿದ್ರೆ, ಮೊದಲ ಸಲ ಮಾಡೋರಿಗೆ ರೇನ್‌ಬೋ ಟ್ರೌಟ್. ಉತ್ತರ ಅಮೆರಿಕದ ಪೆಸಿಫಿಕ್ ತೀರದ ನದಿಗಳು ಮತ್ತೆ ರಷ್ಯಾದ ಕಮ್ಚಾಟ್ಕಾ ಕಡೆಯದ್ದು ಇದು, ಈಗ ಜಗತ್ತಿನ ತಣ್ಣೀರು ಇರೋ ಕಡೆಯೆಲ್ಲಾ ಸಾಕ್ತಾರೆ. ಕಾಳಿನ ಮೇವಿಗೆ ಬೇಗ ಹೊಂದ್ಕೊಳ್ಳುತ್ತೆ, ಗಾಳಕ್ಕೂ ಸುಲಭವಾಗಿ ಬೀಳುತ್ತೆ. ಬ್ರೌನ್ ಟ್ರೌಟ್ ಹುಷಾರಿ ಮೀನು, ಹಿಡಿಯೋದು ಕಷ್ಟ, ದೊಡ್ಡದಾದ ಮೇಲೆ ಬೇರೆ ಮೀನನ್ನ ತಿನ್ನೋಕೆ ಶುರು ಮಾಡುತ್ತೆ. ಬ್ರೂಕ್ ಟ್ರೌಟ್‌ಗೆ ಇನ್ನೂ ತಣ್ಣಗಿನ ನೀರು ಬೇಕು, ನೀರು ಬೆಚ್ಚಗಾದ್ರೆ ಮೂರರಲ್ಲಿ ಮೊದಲು ಸೋಲೋದು ಅದೇ. ಇನ್ನೊಂದು ವಿಷ್ಯ ಈಗಲೇ ತಿಳ್ಕೊಂಡಿರಿ, ನಿಂತ ನೀರಿನ ಹೊಂಡದಲ್ಲಿ ಟ್ರೌಟ್ ಮರಿ ಮಾಡಲ್ಲ, ಮೊಟ್ಟೆ ಇಡೋಕೆ ಹರಿಯೋ ನೀರು, ಜಲ್ಲಿಕಲ್ಲಿನ ತಳ ಬೇಕು. ಹಾಗಾಗಿ ಪ್ರತಿ ವರ್ಷ ಹೊಸದಾಗಿ ತಂದು ಬಿಡ್ಲೇಬೇಕು.

ನಿಮ್ಮದು ಎಂಥ ಚಳಿಗಾಲ ಅಂತ ಮೊದಲು ನೋಡ್ಕೊಳ್ಳಿ. ನೀರು ತಣ್ಣಗಾಗುತ್ತೆ ಆದ್ರೆ ಹೆಪ್ಪುಗಟ್ಟಲ್ಲ ಅನ್ನೋ ಜಾಗ ಒಂದು, ಹೊಂಡದ ಮೇಲೆ ವಾರಗಟ್ಟಲೆ ಮಂಜುಗಡ್ಡೆ ಕೂರೋ ಜಾಗ ಇನ್ನೊಂದು. ಮೊದಲನೇದ್ರಲ್ಲಿ ಅಪಾಯ ಇರೋದು ಶುರುವಲ್ಲಿ ಮತ್ತೆ ಕೊನೆಯಲ್ಲಿ, ಅಂದ್ರೆ ನೀರು ಬಿಸಿ ಇರೋವಾಗ. ಎರಡನೇದ್ರಲ್ಲಿ ಅಪಾಯ ನಡುವಲ್ಲಿ, ಗಡ್ಡೆ ಕೆಳಗೆ ಉಸಿರುಕಟ್ಟೋದು. ಹಂತಗಳು ಇಬ್ಬರಿಗೂ ಒಂದೇ, 8ನೇ ಹಂತ ಮಾತ್ರ ಗಡ್ಡೆ ಕಟ್ಟೋ ಜಾಗದವರಿಗೆ.

ಬೇಕಾಗೋದು: ಉದ್ದ ದಾರ ಕಟ್ಟಿದ ಥರ್ಮಾಮೀಟರ್, ನೀರಿನ ಆಮ್ಲಜನಕ ಅಳೆಯೋ ಮೀಟರ್ ಅಥವಾ ಕಿಟ್, ಪಿಹೆಚ್ ಕಿಟ್ (ನೀರು ಹುಳಿಯೋ ಕ್ಷಾರವೋ ಅಂತ ಹೇಳೋದು), ತೂಬು-ಕೋಡಿಗೆ ಜಾಲರಿ, ಕೈಬಲೆ, ಟ್ರೌಟ್ ಮೇವು, ಒಂದು ನೋಟ್‌ಬುಕ್. ಏರೇಟರ್, ಅಂದ್ರೆ ನೀರಿಗೆ ಗಾಳಿ ಸೇರಿಸೋ ಯಂತ್ರ, ಕಮ್ಮಿ ಮೀನು ಬಿಡೋರಿಗೆ ಇದ್ರೆ ಒಳ್ಳೇದು, ಗಡ್ಡೆ ಕಟ್ಟೋ ಜಾಗದಲ್ಲಿ ಮತ್ತೆ ಜಾಸ್ತಿ ಮೀನು ಬಿಡೋರಿಗೆ ಇರಲೇಬೇಕು.

1. ಮೂರು ವಾರ ನೀರಿನ ಉಷ್ಣತೆ ಬರೆದಿಡಿ

ದಿನಾ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಳೆಯಿರಿ. ಮೇಲಿನಿಂದ ಒಂದು ಅಡಿ ಕೆಳಗೆ ಒಂದು ಸಲ, ತಳದಲ್ಲಿ ಇನ್ನೊಂದು ಸಲ. ದಡದ ಹತ್ತಿರ ಕೈ ಅದ್ದಿ ನೋಡಿ ತಣ್ಣಗಿದೆ ಅನ್ನೋದು ಲೆಕ್ಕಕ್ಕಿಲ್ಲ.

ರೇನ್‌ಬೋ ಟ್ರೌಟ್‌ಗೆ ಹಿತವಾದ ನೀರು 10ರಿಂದ 18 ಡಿಗ್ರಿ ಸೆಲ್ಸಿಯಸ್. 20 ದಾಟಿದ್ರೆ ಮೇವು ಬಿಡುತ್ತೆ, ಒತ್ತಡಕ್ಕೆ ಬೀಳುತ್ತೆ. 24-25ರ ಹತ್ತಿರ ಹೋದ್ರೆ ಸಾಯೋಕೆ ಶುರು. ಕೆಳಗಡೆ ಅಷ್ಟು ತೊಂದರೆ ಇಲ್ಲ, ಸೊನ್ನೆಗೆ ಸ್ವಲ್ಪ ಮೇಲಿದ್ರೂ ಬದುಕುತ್ತೆ, ಬೆಳವಣಿಗೆ ಮಾತ್ರ ನಿಲ್ಲುತ್ತೆ.

ಸಂಜೆ ಅಳತೆ ಸತತ 7-8 ದಿನ 18ರ ಒಳಗೆ ಬಂದ್ರೆ ಬಿಡೋ ಸಮಯ ಬಂತು ಅಂತ ಅರ್ಥ. ಒಂದೆರಡು ದಿನದ ಚಳಿ ಗಾಳಿ ನೋಡಿ ಆರ್ಡರ್ ಕೊಡ್ಬೇಡಿ, ಚಳಿ ಶುರುವಾಗೋ ಹೊತ್ತಲ್ಲಿ ನಡುವೆ ಬಿಸಿಲು ವಾಪಸ್ ಬರೋದು ಮಾಮೂಲು, ಹೊಸ ಜಾಗಕ್ಕೆ ಬಂದು ಸುಸ್ತಾಗಿರೋ ಮೀನಿಗೆ ಆ ಒಂದು ವಾರದ ಬಿಸಿ ಸಾಕು ಪೂರ್ತಿ ಹಾಳಾಗೋಕೆ.

ಇದೇ ಸಮಯದಲ್ಲಿ ಇನ್ನೊಂದು ನಡೆಯುತ್ತೆ. ಬೇಸಿಗೆಯಲ್ಲಿ ಆಳದ ಹೊಂಡದ ನೀರು ಪದರ ಪದರವಾಗಿ ಇರುತ್ತೆ, ಬಿಸಿ ನೀರು ಮೇಲೆ, ತಣ್ಣಗಿನದು ಕೆಳಗೆ, ಕೆಳಗಿನ ನೀರಲ್ಲಿ ಆಮ್ಲಜನಕ ಇರಲ್ಲ. ಮೇಲಿನ ನೀರು ತಣ್ಣಗಾದ ತಕ್ಷಣ ಎರಡೂ ಕಲೆತುಹೋಗುತ್ತೆ, ಇದಕ್ಕೆ ನೀರು ಮಗುಚೋದು ಅಂತ ಇಟ್ಕೊಳ್ಳೋಣ. ಆ ದಿನಗಳಲ್ಲಿ ನೀರಿನ ಬಣ್ಣ ಬದಲಾಗುತ್ತೆ, ಕೊಳೆತ ಮೊಟ್ಟೆ ವಾಸನೆನೂ ಬರ್ಬಹುದು, ಇಡೀ ಹೊಂಡದ ಆಮ್ಲಜನಕ ಇಳಿಯುತ್ತೆ. ಮೇಲಿನ ಅಳತೆ, ತಳದ ಅಳತೆ ಎರಡೂ ಒಂದೇ ಬಂತು ಅಂದ್ರೆ ಮಗುಚಿದೆ ಅಂತ. ಅಲ್ಲಿಂದ ಒಂದು ವಾರ ಹತ್ತು ದಿನ ಕಾದು ಆಮೇಲೆ ಮೀನು ತನ್ನಿ.

2. ಆಮ್ಲಜನಕ, ಪಿಹೆಚ್, ತಿಳಿನೀರು

ನೀರಲ್ಲಿ ಕರಗಿರೋ ಆಮ್ಲಜನಕನೇ ಮೀನಿನ ಉಸಿರು. ತಣ್ಣೀರು ಅದನ್ನ ಜಾಸ್ತಿ ಹಿಡಿದಿಟ್ಕೊಳ್ಳುತ್ತೆ, ಸಮುದ್ರ ಮಟ್ಟದಲ್ಲಿ 20 ಡಿಗ್ರಿ ನೀರು ಲೀಟರ್‌ಗೆ ಹೆಚ್ಚಂದ್ರೆ 9 ಮಿಲಿಗ್ರಾಂ, 10 ಡಿಗ್ರಿ ನೀರು 11 ಮಿಲಿಗ್ರಾಂ, ಸೊನ್ನೆ ಹತ್ತಿರ 14 ಮಿಲಿಗ್ರಾಂಗಿಂತ ಮೇಲೆ. ಎತ್ತರದ ಜಾಗದಲ್ಲಿ ಇದು ಸ್ವಲ್ಪ ಕಮ್ಮಿ. ಟ್ರೌಟ್‌ಗೆ 6-7 ಮಿಲಿಗ್ರಾಂ ಇದ್ರೆ ಆರಾಮ, 5ರ ಕೆಳಗೆ ಇಳಿದ್ರೆ ತೊಂದರೆ. ಅಳೆಯೋದು ಸೂರ್ಯ ಹುಟ್ಟೋ ಹೊತ್ತಿಗೆ, ಯಾಕಂದ್ರೆ ರಾತ್ರಿಯೆಲ್ಲಾ ಪಾಚಿ, ಗಿಡ ಎಲ್ಲಾ ಆಮ್ಲಜನಕ ಬಳಸಿಕೊಂಡು ಅತಿ ಕಮ್ಮಿ ಇರೋ ಹೊತ್ತು ಅದು. ಮಧ್ಯಾಹ್ನ ಅಳೆದು 10 ಇದೆ ಅಂತ ಖುಷಿ ಪಡೋದು ದೊಡ್ಡ ತಪ್ಪು.

ಪಿಹೆಚ್ 6.5ರಿಂದ 8.5ರೊಳಗೆ ಇರಲಿ. ನೀರು ತಿಳಿಯಾಗಿರಲಿ, ಟ್ರೌಟ್ ಕಣ್ಣಿಂದ ನೋಡಿ ತಿನ್ನೋ ಮೀನು, ಕೆಮ್ಮಣ್ಣಿನ ನೀರಲ್ಲಿ ಮೇವು ಕಾಣಲ್ಲ, ಹೂಳು ಕಿವಿರಲ್ಲಿ ಕೂರುತ್ತೆ. ಅಂಗೈ ಅಗಲದ ಬಿಳಿ ತಟ್ಟೆ ಒಂದನ್ನ ದಾರಕ್ಕೆ ಕಟ್ಟಿ ಇಳಿಬಿಡಿ, ಎರಡು ಅಡಿ ಕೆಳಗೂ ಕಾಣ್ತಿದ್ರೆ ಸಾಕು. ಕೊಳಾಯಿ ನೀರು ತುಂಬಿಸಿರೋರು ನೋಡಿ, ಕ್ಲೋರಿನ್ ಬಹಳ ಸಣ್ಣ ಪ್ರಮಾಣದಲ್ಲೂ ಟ್ರೌಟ್‌ಗೆ ವಿಷ.

ಆಳ ಎಷ್ಟಿರಬೇಕು ಅಂದ್ರೆ, ಗಡ್ಡೆ ಕಟ್ಟದ ಜಾಗದಲ್ಲಿ 6 ಅಡಿ ಇದ್ರೂ ನಡೆಯುತ್ತೆ, ಕಟ್ಟೋ ಜಾಗದಲ್ಲಿ 8ರಿಂದ 12 ಅಡಿ ಆಳದ ಒಂದು ಭಾಗ ಇರಲೇಬೇಕು. ಹೊಂಡದಿಂದ ಹೊಲಕ್ಕೆ ನೀರೆತ್ತೋರು, ಚಳಿಗಾಲದಲ್ಲಿ ಎತ್ತಿ ಉಳಿಯೋ ಆಳ ಎಷ್ಟು ಅಂತ ಲೆಕ್ಕ ಹಾಕಿ, ತುಂಬಿದ ಹೊಂಡದ ಆಳ ನೋಡಿ ಮೋಸ ಹೋಗ್ಬೇಡಿ.

3. ಹೊಂಡ ಸಿದ್ಧ ಮಾಡೋದು

ಉದುರಿದ ಎಲೆ, ಕೊಳೆತ ಗಿಡ, ಮೇಲೆ ತೇಲೋ ಪಾಚಿ ಎಲ್ಲಾ ಕೈಯಿಂದ ಅಥವಾ ಕುಂಟೆಯಿಂದ ಎಳೆದು ದಡಕ್ಕೆ ಹಾಕಿ. ಇವು ಕೊಳೀತಾ ಆಮ್ಲಜನಕ ತಿನ್ನುತ್ತೆ. ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿ ಪಾಚಿ ಕೊಲ್ಲೋಕೆ ಹೋಗ್ಲೇಬೇಡಿ, ತಾಮ್ರ ಟ್ರೌಟ್‌ಗೆ ಬಹಳ ಬೇಗ ಹತ್ತೋ ವಿಷ, ಮೆದು ನೀರಲ್ಲಂತೂ ಇನ್ನೂ ಜಾಸ್ತಿ. ಹೊಲಕ್ಕೆ ಹೊಡೆದ ಕೀಟನಾಶಕದ ಕ್ಯಾನ್ ಹೊಂಡದಲ್ಲಿ ತೊಳೆಯೋದು, ಔಷಧಿ ಹೊಡೆದ ಹೊಲದ ನೀರು ಹೊಂಡಕ್ಕೆ ಹರಿಯೋದು ಎರಡನ್ನೂ ನಿಲ್ಲಿಸಿ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ (ಹೆಸರಿನ ಕೊನೆಗೆ ಥ್ರಿನ್ ಅಂತ ಬರೋವು ಬಹುತೇಕ ಇದೇ ಗುಂಪು) ಮನುಷ್ಯನಿಗಿಂತ ಮೀನಿಗೆ ಎಷ್ಟೋ ಪಟ್ಟು ವಿಷ.

ಜಾಲರಿ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಲ್ಲಿ ಎಡವೋರು ಜಾಸ್ತಿ. ಟ್ರೌಟ್ ಹರಿವು ಹುಡುಕೋ ಮೀನು. ಮಳೆ ಬಂದು ಕೋಡಿ ಹರಿದ್ರೆ ಆ ಸದ್ದಿಗೆ, ಆ ಹರಿವಿಗೆ ಹೋಗ್ಬಿಡುತ್ತೆ, ಒಂದೇ ರಾತ್ರಿಯಲ್ಲಿ ಅರ್ಧ ಮೀನು ಕಾಣೆಯಾಗ್ಬಹುದು. ಕೋಡಿಗೆ ಕಂಬಿ ಜಾಲರಿ ಹಾಕಿ, 20 ಸೆಂಟಿಮೀಟರ್ ಮೀನಿಗೆ ಕಂಬಿ ನಡುವಿನ ಸಂದು 12 ಮಿಲಿಮೀಟರ್ ಇದ್ರೆ ಸಾಕು. ಸಣ್ಣ ಕಣ್ಣಿನ ಮೆಶ್ ಹಾಕಿದ್ರೆ ಎಲೆ ಕಟ್ಟಿ ನೀರು ಹೋಗೋಕೆ ದಾರಿ ಇಲ್ಲದೆ ಏರಿ ಮೇಲೆ ಹರಿದು ಏರಿನೇ ಒಡೆಯೋ ಅಪಾಯ ಇದೆ, ಇದು ಮೀನು ಹೋಗೋದಕ್ಕಿಂತ ದೊಡ್ಡ ನಷ್ಟ. ಜಾಲರಿ ದೊಡ್ಡದಾಗಿ ಮಾಡಿ, ಇಳಿಜಾರಾಗಿ ನಿಲ್ಲಿಸಿ, ಮಳೆ ಬಂದ ಪ್ರತಿ ಸಲ ಹೋಗಿ ಎಲೆ ತೆಗೀರಿ. ಪಂಪ್‌ನ ನೀರೆಳೆಯೋ ಬಾಯಿಗೂ ಜಾಲರಿ ಕಟ್ಟಿ.

ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ ಇರೋರು ಗಮನಿಸಿ: ಅಲ್ಲಿ ಹುಳ-ಹುಪ್ಪಟೆ ಅಂತ ಸಹಜ ಆಹಾರ ಇರೋದೇ ಕಮ್ಮಿ, ಪೂರ್ತಿ ನೀವು ಹಾಕೋ ಮೇವಿನ ಮೇಲೇ ಬದುಕಬೇಕು. ಹಾಳೆ ಜಾರುತ್ತೆ, ಚಳಿನೀರಿಗೆ ಬಿದ್ರೆ ಈಜು ಬಂದವರಿಗೂ ಹತ್ತಿ ಬರೋದು ಕಷ್ಟ, ಗಂಟು ಹಾಕಿದ ಹಗ್ಗ ನಾಲ್ಕೂ ಬದಿಗೆ ಇಳಿಬಿಟ್ಟಿರಿ.

4. ಅನುಮತಿ ಮತ್ತೆ ಮೀನು ತರೋ ಜಾಗ

ಬಹಳಷ್ಟು ಕಡೆ ಸ್ವಂತ ಹೊಂಡಕ್ಕೂ ಹೊರಗಿನ ಮೀನು ಬಿಡೋಕೆ ಪರವಾನಗಿ ಬೇಕು. ನಿಮ್ಮ ಭಾಗದ ಮೀನುಗಾರಿಕೆ ಇಲಾಖೆಯಲ್ಲಿ ಮೊದಲು ಕೇಳಿ. ಇದು ಬರೀ ಕಾಗದದ ಕೆಲಸ ಅಂದ್ಕೋಬೇಡಿ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಮಾಡಿರೋ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ರೇನ್‌ಬೋ ಟ್ರೌಟ್ ಇದೆ, ಬ್ರೌನ್ ಟ್ರೌಟ್ ಕೂಡ ಇದೆ. ತಪ್ಪಿಸ್ಕೊಂಡು ಹಳ್ಳ ಸೇರಿದ್ರೆ ಅಲ್ಲಿನ ಮೀನು, ಕಪ್ಪೆ ಮರಿಗಳನ್ನ ತಿನ್ನುತ್ತೆ. ನಿಮ್ಮ ಹೊಂಡದ ಕೋಡಿ ನೇರವಾಗಿ ಹಳ್ಳಕ್ಕೆ ಹೋಗುತ್ತೆ ಅಂದ್ರೆ ಟ್ರಿಪ್ಲಾಯ್ಡ್ ಮೀನು ಸಿಗುತ್ತಾ ಕೇಳಿ, ಅಂದ್ರೆ ಎರಡರ ಬದಲು ಮೂರು ಸೆಟ್ ವರ್ಣತಂತು ಇರೋ, ಸಂತಾನ ಆಗದ ಮೀನು.

ಮೀನು ಹ್ಯಾಚರಿಯಿಂದನೇ ತನ್ನಿ, ಅಂದ್ರೆ ಮರಿ ಮಾಡಿ ಸಾಕಿ ಮಾರೋ ಕೇಂದ್ರದಿಂದ, ರೋಗ ಇಲ್ಲ ಅಂತ ಪ್ರಮಾಣಪತ್ರ ಕೇಳಿ ತಗೊಳ್ಳಿ. ಕೇಳ್ಬೇಕಾದ ಪ್ರಶ್ನೆ ಇನ್ನೂ ಎರಡಿವೆ. ಅವರ ತೊಟ್ಟಿಯ ನೀರು ಎಷ್ಟು ಡಿಗ್ರಿ? ಯಾವ ಮೇವು, ಯಾವ ಸೈಜ್ ಕಾಳು ಹಾಕ್ತಿದ್ದಾರೆ? ಎರಡಕ್ಕೂ ಉತ್ತರ ಬರೆದಿಟ್ಕೊಳ್ಳಿ, ಮುಂದಿನ ಹಂತಗಳಿಗೆ ಬೇಕು.

5. ಎಷ್ಟು, ಯಾವ ಸೈಜ್

ಸೈಜ್ 20ರಿಂದ 25 ಸೆಂಟಿಮೀಟರ್. ಬೆರಳುದ್ದದ ಮರಿ ಅಗ್ಗಕ್ಕೆ ಸಿಗುತ್ತೆ ಅಂತ ತರೋರು ಇದ್ದಾರೆ, ಆದ್ರೆ ನಾಲ್ಕೈದು ತಿಂಗಳಲ್ಲಿ ಅದು ತಟ್ಟೆಗೆ ಬರೋ ಸೈಜ್ ಆಗಲ್ಲ, ಹಕ್ಕಿ ಬಾಯಿಗೆ ಹೋಗೋದೇ ಜಾಸ್ತಿ. ಮೇವು ಚೆನ್ನಾಗಿದ್ದು ನೀರು 10-15 ಡಿಗ್ರಿ ಇದ್ರೆ ತಿಂಗಳಿಗೆ ಸುಮಾರು 2ರಿಂದ 2.5 ಸೆಂಟಿಮೀಟರ್ ಬೆಳೆಯುತ್ತೆ, ಅಷ್ಟೇ ಲೆಕ್ಕ ಇಟ್ಕೊಳ್ಳಿ. ಹೊಂಡದಲ್ಲಿ ಈಗಾಗಲೇ ಬಾಸ್, ಪೈಕ್ ತರದ ಬೇಟೆ ಮೀನು ಇದ್ರೆ 25ಕ್ಕಿಂತ ಸಣ್ಣದು ಬಿಡ್ಬೇಡಿ, ಮೆತ್ತಗಿನ ಉದ್ದ ಮೈ ಅವಕ್ಕೆ ಸುಲಭ ತುತ್ತು.

ಸಂಖ್ಯೆ ವಿಷಯದಲ್ಲಿ ನಾನು ಕೈ ಬಿಗಿ ಹಿಡಿಯೋನು. ಮೇವು ಹಾಕದೆ ಸಹಜ ಆಹಾರದ ಮೇಲೇ ಬಿಡೋದಾದ್ರೆ ಒಂದು ಎಕರೆ ನೀರಿನ ಹರವಿಗೆ 100-200. ದಿನಾ ಮೇವು ಹಾಕಿ ನೋಡ್ಕೊಳ್ಳೋದಾದ್ರೆ 400-500. ಅದಕ್ಕಿಂತ ಮೇಲೆ ಹೋಗ್ಬೇಕು ಅಂದ್ರೆ ಏರೇಟರ್ ಬೇಕೇ ಬೇಕು. ಕಾಲು ಎಕರೆ, ಅಂದ್ರೆ 10 ಗುಂಟೆ ಹೊಂಡಕ್ಕೆ ಮೊದಲ ವರ್ಷ 100 ಮೀನು ಸಾಕು. ಜಾಗ ಖಾಲಿ ಕಾಣುತ್ತೆ, ಇನ್ನೂ ನೂರು ತರೋಣ ಅನ್ಸುತ್ತೆ, ಬೇಡ, ಒಂದು ಚಳಿಗಾಲ ನಿಮ್ಮ ಹೊಂಡ ಹೇಗೆ ನಡ್ಕೊಳ್ಳುತ್ತೆ ಅಂತ ನೋಡಿ ಮುಂದಿನ ವರ್ಷ ಜಾಸ್ತಿ ಮಾಡಿ.

6. ಬಿಡೋ ದಿನ

ಇಡೀ ಕೆಲಸದಲ್ಲಿ ಅವಸರ ಮಾಡ್ಬಾರದ ಒಂದು ಗಂಟೆ ಇದು. ಬೆಳಿಗ್ಗೆ ಅಥವಾ ಮೋಡ ಇರೋ ದಿನ ತರಿಸಿ. ಹೊರಡೋಕೆ 1-2 ದಿನ ಮುಂಚಿಂದ ಮೀನಿಗೆ ಮೇವು ನಿಲ್ಲಿಸಿರಬೇಕು ಅಂತ ಹ್ಯಾಚರಿಯವರಿಗೆ ಹೇಳಿ, ಹೊಟ್ಟೆ ತುಂಬಿದ ಮೀನು ದಾರಿಯಲ್ಲಿ ನೀರು ಕೆಡಿಸುತ್ತೆ, ಉಸಿರೂ ಜಾಸ್ತಿ ಬೇಕಾಗುತ್ತೆ. ಸಾಗಿಸೋ ನೀರಿಗೆ ಲೀಟರ್‌ಗೆ 5 ಗ್ರಾಂ ಉಪ್ಪು ಹಾಕಿದ್ರೆ ಮೀನಿನ ಒತ್ತಡ ಕಮ್ಮಿಯಾಗುತ್ತೆ.

ವಾಹನ ಬಂದ ತಕ್ಷಣ ಅದರ ನೀರಿಗೂ ಹೊಂಡದ ನೀರಿಗೂ ಥರ್ಮಾಮೀಟರ್ ಹಾಕಿ ನೋಡಿ. 2-3 ಡಿಗ್ರಿ ವ್ಯತ್ಯಾಸ ಇದ್ರೆ ಚಿಂತೆ ಇಲ್ಲ. 5 ಡಿಗ್ರಿ ಮೇಲಿದ್ರೆ ನೇರವಾಗಿ ಬಿಡ್ಲೇಬೇಡಿ, ಆ ಕ್ಷಣಕ್ಕೆ ಈಜ್ಕೊಂಡು ಹೋಗುತ್ತೆ, ಎರಡು ಮೂರು ದಿನದಲ್ಲಿ ಸಾಯುತ್ತೆ, ನೀವು ಮೇವು ಸರಿಯಿಲ್ಲ ನೀರು ಸರಿಯಿಲ್ಲ ಅಂತ ಬೇರೆ ಕಾರಣ ಹುಡುಕ್ತಾ ಇರ್ತೀರಿ.

ಟ್ಯಾಂಕ್‌ನಲ್ಲಿ ಬಂದಿದ್ರೆ ಹೊಂಡದ ನೀರನ್ನ ಬಕೆಟ್ ಅಥವಾ ಸಣ್ಣ ಪಂಪ್‌ನಲ್ಲಿ ನಿಧಾನವಾಗಿ ಟ್ಯಾಂಕ್‌ಗೆ ಸೇರಿಸ್ತಾ ಬನ್ನಿ, ಗಂಟೆಗೆ 5 ಡಿಗ್ರಿಗಿಂತ ವೇಗವಾಗಿ ಬದಲಾಗ್ಬಾರದು. ಅಷ್ಟೂ ಹೊತ್ತು ಟ್ಯಾಂಕ್‌ಗೆ ಆಮ್ಲಜನಕ ಬಿಡ್ತಾನೇ ಇರಬೇಕು.

ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬಂದಿದ್ರೆ ಕ್ರಮ ಬೇರೆ. ಕಟ್ಟು ಬಿಚ್ಚದೆ ಚೀಲಾನ ನೆರಳಿರೋ ಕಡೆ ಹೊಂಡದಲ್ಲಿ ತೇಲಿಬಿಡಿ, 20-30 ನಿಮಿಷ. ಉಷ್ಣತೆ ಸಮ ಆದ ಮೇಲೇ ಬಿಚ್ಚಿ. ಬಿಚ್ಚಿದ ಮೇಲೆ ತಡ ಮಾಡ್ಬೇಡಿ. ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಉಸಿರಿಂದ ಕಾರ್ಬನ್ ಡೈಆಕ್ಸೈಡ್ ಸೇರಿ ಪಿಹೆಚ್ ಇಳಿದಿರುತ್ತೆ, ಆ ಕಮ್ಮಿ ಪಿಹೆಚ್‌ನಲ್ಲಿ ಅಲ್ಲಿರೋ ಅಮೋನಿಯಾ ಅಷ್ಟು ವಿಷ ಅಲ್ಲ, ಬಿಚ್ಚಿದ ತಕ್ಷಣ ಗ್ಯಾಸ್ ಹೋಗಿ ಪಿಹೆಚ್ ಏರುತ್ತೆ, ಅದೇ ಅಮೋನಿಯಾ ವಿಷ ಆಗುತ್ತೆ. ಹಾಗಾಗಿ ಬಿಚ್ಚಿಟ್ಟು ಒಂದೊಂದು ಲೋಟ ನೀರು ಸೇರಿಸ್ತಾ ಅರ್ಧ ಗಂಟೆ ಕೂರೋದು ಒಳ್ಳೇದು ಅಂದ್ಕೊಂಡು ಮಾಡೋ ತಪ್ಪು.

ಎರಡೂ ರೀತಿಯಲ್ಲಿ ಮೀನನ್ನ ಮಾತ್ರ ಒದ್ದೆ ಕೈಬಲೆಯಲ್ಲಿ ಎತ್ತಿ ಬಿಡಿ, ಅವರ ನೀರನ್ನ ಹೊಂಡಕ್ಕೆ ಸುರೀಬೇಡಿ, ರೋಗದ ಸೂಕ್ಷ್ಮಜೀವಿ, ಬೇಡದ ಮರಿ ಎಲ್ಲಾ ಅದರ ಜೊತೆ ಬರುತ್ತೆ. ಬರಿಗೈಯಲ್ಲಿ ಹಿಡಿಯೋದೂ ಬೇಡ, ಮೈಮೇಲಿನ ಲೋಳೆ ಉಜ್ಜಿಹೋದ್ರೆ ಅಲ್ಲಿ ಹತ್ತಿಯ ಹಾಗೆ ಬಿಳಿ ಬೂಷ್ಟು ಹಿಡಿಯುತ್ತೆ. ಎಣಿಸಿ ಬಿಡಿ, ಎಷ್ಟು ಬಿಟ್ರಿ ಅಂತ ಬರೆದಿಡಿ.

ಮೊದಲ ವಾರ ದಿನಾ ದಡ ಸುತ್ತಿ ಬನ್ನಿ. ತಣ್ಣೀರಲ್ಲಿ ಸತ್ತ ಮೀನು ತೇಲಲ್ಲ, ಮುಳುಗಿ ತಳದಲ್ಲೇ ಇರುತ್ತೆ, ಮೇಲೆ ಏನೂ ಕಾಣ್ತಿಲ್ಲ ಅಂದ್ರೆ ಎಲ್ಲಾ ಬದುಕಿದೆ ಅಂತಲ್ಲ. ನೀರು ತಿಳಿ ಇರೋವಾಗ ತಳ ನೋಡಿ, ಸಿಕ್ಕಿದ್ದನ್ನ ತೆಗೆದು ದೂರ ಹೂಳಿ, ಲೆಕ್ಕದಲ್ಲಿ ಕಳೀರಿ.

7. ಮೇವು

ಟ್ರೌಟ್ ಮಾಂಸಾಹಾರಿ. ಕಾರ್ಪ್ ಮೀನಿಗೆ ಹಾಕೋ ತೌಡು-ಹಿಂಡಿ ಇದಕ್ಕಾಗಲ್ಲ. ಪ್ರೋಟೀನ್ 40-45 ಶೇಕಡಾ ಇರೋ ಟ್ರೌಟ್ ಮೇವೇ ಬೇಕು, ತೇಲೋ ಕಾಳು ತಗೊಳ್ಳಿ, ತಿಂತಿದ್ಯಾ ಬಿಟ್ಟಿದ್ಯಾ ಅಂತ ಕಣ್ಣಿಗೆ ಕಾಣುತ್ತೆ. ಕಾಳಿನ ಸೈಜ್ ಹ್ಯಾಚರಿಯಲ್ಲಿ ಹಾಕ್ತಿದ್ದದ್ದೇ ಇರಲಿ.

ಬಿಟ್ಟ ದಿನ ಮೇವು ಬೇಡ. ಎರಡನೇ ದಿನ ಒಂದು ಹಿಡಿ ಹಾಕಿ ನೋಡಿ, ಬರದಿದ್ರೆ ಗಾಬರಿಯಾಗ್ಬೇಡಿ, 2-3 ದಿನ ಅಲ್ಲ 4 ದಿನ ಹಿಡಿದ್ರೂ ಸರಿ. ಒಂದೇ ಜಾಗ, ಒಂದೇ ಹೊತ್ತು ಇಟ್ಕೊಳ್ಳಿ, ಆಮೇಲೆ ನಿಮ್ಮ ಹೆಜ್ಜೆ ಸಪ್ಪಳಕ್ಕೇ ಬಂದು ಸೇರುತ್ತೆ, ಕೊನೆಗೆ ಹಿಡಿಯೋವಾಗ ಈ ಅಭ್ಯಾಸ ಬಹಳ ಉಪಯೋಗ.

ಎಷ್ಟು ಹಾಕ್ಬೇಕು ಅನ್ನೋದು ನೀರಿನ ಉಷ್ಣತೆ ಮೇಲೆ. 12ರಿಂದ 17 ಡಿಗ್ರಿ ಇದ್ರೆ ಮೀನಿನ ಒಟ್ಟು ತೂಕದ 1.5ರಿಂದ 2 ಶೇಕಡಾ ದಿನಕ್ಕೆ. 8-12ರಲ್ಲಿ 1 ಶೇಕಡಾ. 4-8ರಲ್ಲಿ ಅದರ ಅರ್ಧ, ಅಥವಾ ದಿನ ಬಿಟ್ಟು ದಿನ. 4ರ ಕೆಳಗೆ ವಾರಕ್ಕೆ ಒಂದೆರಡು ಸಲ ಸ್ವಲ್ಪ, ತಿನ್ನದಿದ್ರೆ ಅದೂ ಬೇಡ. ಮೇಲಿನ ತುದಿಯಲ್ಲಿ 18 ದಾಟಿದ್ರೆ ಕಮ್ಮಿ ಮಾಡಿ, 20ಕ್ಕೆ ಪೂರ್ತಿ ನಿಲ್ಲಿಸಿ. ಲೆಕ್ಕ ಹೇಗೆ ಅಂದ್ರೆ, 25 ಸೆಂಟಿಮೀಟರ್ ಮೀನು ಹತ್ತಿರ ಹತ್ತಿರ 180 ಗ್ರಾಂ ತೂಗುತ್ತೆ, 100 ಮೀನು ಅಂದ್ರೆ 18 ಕೆಜಿ, 1.5 ಶೇಕಡಾ ಅಂದ್ರೆ ದಿನಕ್ಕೆ 270 ಗ್ರಾಂ. ತಿಂಗಳಿಗೊಮ್ಮೆ ನಾಲ್ಕೈದು ಮೀನು ಹಿಡಿದು ತೂಕ ನೋಡಿ ಲೆಕ್ಕ ಸರಿ ಮಾಡ್ಕೊಳ್ಳಿ.

ಲೆಕ್ಕಕ್ಕಿಂತ ಕಣ್ಣೇ ಮುಖ್ಯ. 5-10 ನಿಮಿಷದಲ್ಲಿ ಖಾಲಿಯಾಗೋಷ್ಟು ಮಾತ್ರ. ಉಳಿದ ಕಾಳು ಕೊಳೆತು ನೀರು ಕೆಡಿಸುತ್ತೆ, ಮೇವು ಜಾಸ್ತಿ ಹಾಕಿ ಮೀನು ಕಳ್ಕೊಂಡೋರು ಕಮ್ಮಿ ಹಾಕಿ ಕಳ್ಕೊಂಡೋರಿಗಿಂತ ಎಷ್ಟೋ ಜಾಸ್ತಿ. ಟ್ರೌಟ್ ಮೇವಲ್ಲಿ ಎಣ್ಣೆ ಅಂಶ ಹೆಚ್ಚು, ಹಳೇದಾದ್ರೆ ಕಮಟು ವಾಸನೆ ಬರುತ್ತೆ, ಅಂಥದ್ದು, ಬೂಷ್ಟು ಹಿಡಿದದ್ದು ಹಾಕ್ಬೇಡಿ. ಎರಡು ಮೂರು ತಿಂಗಳಿಗೆ ಆಗೋಷ್ಟೇ ತನ್ನಿ.

8. ಮಂಜುಗಡ್ಡೆ ಕಟ್ಟೋ ಹೊಂಡ

ನೀರು ಅತಿ ಭಾರ ಇರೋದು 4 ಡಿಗ್ರಿಯಲ್ಲಿ. ಹಾಗಾಗಿ ಮೇಲೆ ಗಡ್ಡೆ ಕಟ್ಟಿದ್ರೂ ತಳದಲ್ಲಿ 4 ಡಿಗ್ರಿ ನೀರು ಇರುತ್ತೆ, ಮೀನು ಅಲ್ಲಿ ಮೆಲ್ಲಗೆ ಓಡಾಡ್ಕೊಂಡು ಚಳಿಗಾಲ ಕಳೆಯುತ್ತೆ. ಚಳಿಯಿಂದ ಸಾಯಲ್ಲ. ಸಾಯೋದು ಗಡ್ಡೆ ಮೇಲೆ ಹಿಮ ಬಿದ್ದು ಬೆಳಕು ನಿಂತಾಗ. ಬೆಳಕಿಲ್ಲದೆ ಒಳಗಿನ ಪಾಚಿ ಆಮ್ಲಜನಕ ಮಾಡಲ್ಲ, ತಳದ ಕಸ ಕೊಳೀತಾ ಇದ್ದದ್ದನ್ನೂ ತಿನ್ನುತ್ತೆ, ಗಾಳಿಯಿಂದ ಒಳಗೆ ಬರೋಕೆ ಗಡ್ಡೆ ಬಿಡಲ್ಲ. ಆಳ ಇಲ್ಲದ, ಹೂಳು ತುಂಬಿದ ಹೊಂಡದಲ್ಲಿ ಕೆಲವೇ ವಾರದಲ್ಲಿ ಮುಗಿದುಹೋಗುತ್ತೆ.

ಹಾಗಾಗಿ ಡಿಫ್ಯೂಸರ್ ಹಾಕಿ, ಅಂದ್ರೆ ನೀರೊಳಗೆ ಕೂತು ಸಣ್ಣ ಗುಳ್ಳೆ ಬಿಡೋ ಬಿಲ್ಲೆ, ದಡದಲ್ಲಿರೋ ಗಾಳಿ ಪಂಪ್‌ನಿಂದ ಅದಕ್ಕೆ ಪೈಪ್. ಬೇಸಿಗೆಯಲ್ಲಿ ಅತಿ ಆಳದಲ್ಲಿ ಇಡ್ತೀವಿ, ಚಳಿಗಾಲದಲ್ಲಿ ಹಾಗೆ ಇಡ್ಬಾರದು. ಅತಿ ಆಳದಲ್ಲಿಟ್ರೆ ತಳದ ಆ 4 ಡಿಗ್ರಿ ನೀರನ್ನ ಮೇಲಕ್ಕೆತ್ತಿ ಚಳಿಗಾಳಿಗೆ ಒಡ್ಡುತ್ತೆ, ಇಡೀ ಹೊಂಡ ಸೊನ್ನೆ ಹತ್ತಿರ ಇಳಿಯುತ್ತೆ, ಮೀನಿಗೆ ಆಸರೆ ಜಾಗನೇ ಇರಲ್ಲ. ಅರ್ಧ ಆಳದಲ್ಲಿ, ಒಂದು ಬದಿಗೆ ಇಡಿ. ಅಲ್ಲಿ ಗಡ್ಡೆ ಕಟ್ಟದ ಒಂದು ಕಿಂಡಿ ಉಳಿಯುತ್ತೆ, ಕೆಟ್ಟ ಗ್ಯಾಸ್ ಹೋಗೋಕೆ ಅಷ್ಟು ಸಾಕು. ನೀರು ಚಿಮ್ಮಿಸೋ ಕಾರಂಜಿ ತರದ ಏರೇಟರ್ ಇದ್ರೆ ಗಡ್ಡೆ ಕಟ್ಟೋಕೆ ಮುಂಚೆ ಎತ್ತಿಡಿ.

ಡಿಫ್ಯೂಸರ್ ಶುರು ಮಾಡೋದು ಗಡ್ಡೆ ಕಟ್ಟೋಕೆ ಮುಂಚೆ. ನಡು ಚಳಿಗಾಲದಲ್ಲಿ ಮೀನು ಸಾಯ್ತಿದೆ ಅಂತ ಗೊತ್ತಾಗಿ ಆಗ ಜೋರಾಗಿ ಹಾಕಿದ್ರೆ ತಳದ ಆಮ್ಲಜನಕ ಇಲ್ಲದ ನೀರು, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಎಲ್ಲಾ ಒಟ್ಟಿಗೆ ಮೇಲೆ ಬಂದು ಉಳಿದದ್ದೂ ಹೋಗುತ್ತೆ.

ಕರೆಂಟ್ ಇಲ್ಲದ ಕಡೆ ಗಡ್ಡೆ ಮೇಲಿನ ಹಿಮಾನ ಪಟ್ಟಿ ಪಟ್ಟಿಯಾಗಿ ಗುಡಿಸಿ ಬೆಳಕು ಬಿಡಿ. ಕಿಂಡಿ ಬೇಕಂದ್ರೆ ಬಿಸಿ ನೀರಿನ ಪಾತ್ರೆ ಇಟ್ಟು ಕರಗಿಸಿ, ಸುತ್ತಿಗೆಯಿಂದ ಕುಟ್ಬೇಡಿ, ಆ ಹೊಡೆತ ನೀರಲ್ಲಿ ಮೀನಿಗೆ ನೇರವಾಗಿ ತಾಗುತ್ತೆ.

ಮತ್ತೆ ನಿಮ್ಮ ಜೀವದ ವಿಷ್ಯ. ಒಬ್ಬರು ನಡೆಯೋಕೆ ತಿಳಿ ಗಟ್ಟಿ ಗಡ್ಡೆ ಕನಿಷ್ಠ 10 ಸೆಂಟಿಮೀಟರ್ ಇರಬೇಕು, ಬಿಳಿ ಗಡ್ಡೆಗೆ ಅದರ ಅರ್ಧ ಬಲ. ಡಿಫ್ಯೂಸರ್ ಓಡ್ತಿರೋ ಹೊಂಡದ ಗಡ್ಡೆ ಎಲ್ಲಿ ತೆಳು ಅಂತ ಮೇಲಿಂದ ಗೊತ್ತಾಗಲ್ಲ, ಅದರ ಮೇಲೆ ಕಾಲಿಡಲೇಬೇಡಿ, ಮಕ್ಕಳಿಗೆ ಕಾಣೋ ಹಾಗೆ ಬೋರ್ಡ್ ಹಾಕಿ, ಹಗ್ಗ ಕಟ್ಟಿ.

9. ಹಕ್ಕಿ, ನೀರುನಾಯಿ, ಕಾಯಿಲೆ

ಚಳಿಗಾಲದಲ್ಲಿ ನೀರು ತಿಳಿ, ಗಿಡದ ಮರೆ ಇಲ್ಲ, ಮೀನು ಮೇಲೇ ಓಡಾಡುತ್ತೆ. ನೀರುಕಾಗೆ ಗುಂಪು ಒಂದು ಸಲ ಕಂಡುಹಿಡಿದ್ರೆ ದಿನಾ ಬರುತ್ತೆ. ಸಣ್ಣ ಹೊಂಡಕ್ಕೆ ಮೇಲೆ ದಾರ ಅಥವಾ ಬಲೆ ಎಳೀರಿ. ದೊಡ್ಡ ಹೊಂಡದಲ್ಲಿ ಮರದ ಕೊಂಬೆ ಕಟ್ಟು, ಪೈಪ್ ತುಂಡುಗಳನ್ನ ತಳದಲ್ಲಿ ಹಾಕಿ ಅಡಗೋಕೆ ಜಾಗ ಮಾಡಿಕೊಡಿ. ಕೊಕ್ಕರೆ ದಡದ ತೆಳು ನೀರಲ್ಲಿ ನಿಂತು ಹಿಡಿಯೋದು, ದಡ ಕಡಿದಾಗಿದ್ರೆ ಅದಕ್ಕೆ ನಿಲ್ಲೋಕಾಗಲ್ಲ. ನೀರುನಾಯಿ ಬರೋ ಜಾಗ ಆದ್ರೆ ಬೇಲಿ ಬಿಟ್ಟು ಬೇರೆ ದಾರಿ ಇಲ್ಲ. ಯಾವುದನ್ನೂ ಕೊಲ್ಲೋಕೆ ಹೋಗ್ಬೇಡಿ, ಬಹಳ ಕಡೆ ಕಾನೂನಿನ ರಕ್ಷಣೆ ಇದೆ.

ಮೀನು ಮೇವಿಗೆ ಬರದೆ ದಡದ ಹತ್ತಿರ ಒಂಟಿಯಾಗಿ ನಿಲ್ಲೋದು, ಮೈ ಕಪ್ಪಾಗೋದು, ಗಿರಗಿರ ತಿರುಗಿ ಈಜೋದು ಕಂಡ್ರೆ ಔಷಧಿ ಅಂಗಡಿಗೆ ಓಡ್ಬೇಡಿ. ಮೊದಲು ಆಮ್ಲಜನಕ ಅಳೆಯಿರಿ, ಅದು ಸರಿ ಇದ್ರೆ ಒಂದೆರಡು ಮೀನು ಹಿಡಿದು ಇಲಾಖೆಯ ಮೀನು ವೈದ್ಯರಿಗೆ ತೋರಿಸಿ.

10. ಹಿಡಿಯೋ ದಿನ

ಚಳಿ ಕಳೀತಾ ಬಂದ ಹಾಗೆ ಮತ್ತೆ ದಿನಾ ಥರ್ಮಾಮೀಟರ್ ಶುರು ಮಾಡಿ. ಒಂದು ಅಡಿ ಕೆಳಗಿನ ಬೆಳಿಗ್ಗೆ ಅಳತೆ 15 ಮುಟ್ಟಿದಾಗ ಹಿಡಿಯೋಕೆ ಶುರು, 18 ಬರೋಷ್ಟರಲ್ಲಿ ಮುಕ್ಕಾಲು ಖಾಲಿ, 20ಕ್ಕೆ ಒಂದೂ ಉಳೀಬಾರದು. ಈ ಹೊತ್ತಲ್ಲಿ ಮೀನು ಅತಿ ಚೆನ್ನಾಗಿ ತಿಂದು ಅತಿ ವೇಗವಾಗಿ ಬೆಳೀತಿರುತ್ತೆ, ಇನ್ನೊಂದು ಎರಡು ವಾರ ಬಿಟ್ರೆ ಇನ್ನೂ ದಪ್ಪ ಆಗುತ್ತೆ ಅಂತ ಎಲ್ಲರಿಗೂ ಆಸೆ ಬರುತ್ತೆ. ನಾನೂ ಮೊದಲ ವರ್ಷ ಹಾಗೇ ನಲವತ್ತು ಮೀನು ಬಿಟ್ಟಿದ್ದೆ, ಗಾಳಿ ಇಲ್ಲದ ನಾಲ್ಕು ಬಿಸಿ ದಿನ ಬಂತು, ಐದನೇ ಬೆಳಿಗ್ಗೆ ಎಲ್ಲಾ ಬಿಳಿ ಹೊಟ್ಟೆ ಮೇಲಾಗಿ ತೇಲ್ತಿತ್ತು. ನೀರು ಬೆಚ್ಚಗಾದ್ರೆ ಮೀನಿಗೆ ಬೇಕಾದ ಆಮ್ಲಜನಕ ಏರುತ್ತೆ, ನೀರು ಹಿಡಿಯೋ ಆಮ್ಲಜನಕ ಇಳಿಯುತ್ತೆ, ಎರಡೂ ಒಟ್ಟಿಗೆ ನಡೆಯೋದ್ರಿಂದ ಮುನ್ಸೂಚನೆ ಅಂತ ಸಿಗೋದು ಒಂದೆರಡು ದಿನ ಅಷ್ಟೇ.

ಒಂದೇ ದಿನ ಎಲ್ಲಾ ಹಿಡಿಯೋಕಾಗಲ್ಲ, ಅದಕ್ಕೇ ನಡು ಚಳಿಗಾಲದಿಂದಲೇ ವಾರಕ್ಕೆ ಹತ್ತು ಹದಿನೈದು ಹಿಡಿದು ತಿನ್ನೋದು, ಮಾರೋದು ಮಾಡ್ಕೊಂಡು ಬಂದ್ರೆ ಕೊನೆಗೆ ಹೊರೆ ಕಮ್ಮಿ, ಉಳಿದ ಮೀನಿಗೂ ಜಾಗ. ಗಾಳ ಸಾಕು ಶುರುವಿಗೆ. ಕೊನೆಗೆ ಎಳೆಬಲೆ ಬೇಕು, ಮೇವು ಹಾಕೋ ಮೂಲೆಗೆ ಮೊದಲೇ ಬಲೆ ಬಿಟ್ಟಿಟ್ಟು, ಒಂದು ಹಿಡಿ ಕಾಳು ಎಸೆದು ಎಲ್ಲಾ ಬಂದು ಸೇರಿದಾಗ ಸುತ್ತುಗಟ್ಟಿ ಎಳೀರಿ. ನೀರು 18 ದಾಟಿದ ಮೇಲೆ ಗಾಳಕ್ಕೆ ಸಿಕ್ಕಿದ್ದನ್ನ ಸಣ್ಣದು ಅಂತ ವಾಪಸ್ ಬಿಡ್ಬೇಡಿ, ಬೆಚ್ಚನೆ ನೀರಲ್ಲಿ ಅಷ್ಟು ಒದ್ದಾಡಿದ ಟ್ರೌಟ್ ಬದುಕೋದು ಕಮ್ಮಿ.

ದೊಡ್ಡ ಹಿಡಿತಕ್ಕೆ 1-2 ದಿನ ಮುಂಚೆ ಮೇವು ನಿಲ್ಲಿಸಿ, ಹೊಟ್ಟೆ ಖಾಲಿ ಇದ್ರೆ ಮಾಂಸ ಬೇಗ ಕೆಡಲ್ಲ. ಹಿಡಿದ ತಕ್ಷಣ ತಲೆಗೆ ಒಂದೇ ಏಟಲ್ಲಿ ಕೊಂದು, ಕರುಳು-ಕಿವಿರು ತೆಗೆದು, ಮೀನಿನಷ್ಟೇ ತೂಕದ ಐಸ್‌ನಲ್ಲಿ ಇಡಿ. ಬುಟ್ಟಿಯಲ್ಲಿ ಒದ್ದಾಡಿ ಸಾಯೋಕೆ ಬಿಟ್ರೆ ಮೀನಿಗೂ ಹಿಂಸೆ, ಮಾಂಸನೂ ಮೆತ್ತಗಾಗುತ್ತೆ. ಮಣ್ಣಿನ ವಾಸನೆ ಬಂದ್ರೆ ಅದು ನೀರಿನ ನೀಲಿಹಸಿರು ಪಾಚಿಯಿಂದ ಬರೋದು, ತಿಳಿ ಹರಿಯೋ ನೀರಿನ ತೊಟ್ಟಿಯಲ್ಲಿ ಮೇವಿಲ್ಲದೆ ಕೆಲವು ದಿನ ಇಟ್ರೆ ಹೋಗುತ್ತೆ.

ನೋಟ್‌ಬುಕ್ ತೆಗೆದು ಕೂಡಿಸಿ ನೋಡಿ. 100 ಬಿಟ್ಟಿದ್ರಿ, 5 ಸತ್ತಿದ್ದು ಸಿಕ್ತು, 80 ಹಿಡಿದ್ರಿ, ಹಾಗಾದ್ರೆ ಲೆಕ್ಕಕ್ಕೆ ಇನ್ನೂ 15 ಬಾಕಿ. ಅದರಲ್ಲಿ ಹಕ್ಕಿಗೆ ಹೋದದ್ದೂ ಇರುತ್ತೆ, ಆದ್ರೂ ಇನ್ನೊಂದೆರಡು ಸಲ ಬಲೆ ಎಳೀರಿ. ಉಳಿದದ್ದನ್ನ ಪಾಪ ಬದುಕಿಕೊಳ್ಳಲಿ ಅಂತ ಹತ್ತಿರದ ಹಳ್ಳಕ್ಕೋ ಕೆರೆಗೋ ಬಿಡೋದು ಮಾತ್ರ ಖಂಡಿತ ಬೇಡ, ಯಾಕೆ ಅಂತ 4ನೇ ಹಂತದಲ್ಲಿ ಹೇಳಿದೀನಿ. ಬಲೆ, ಕೈಬಲೆ, ಬಕೆಟ್ ಎಲ್ಲಾ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ ಎತ್ತಿಡಿ, ಜಾಲರಿನ ಇನ್ನೂ ಎರಡು ವಾರ ಹಾಗೇ ಬಿಟ್ಟಿರಿ, ನೀರು 18ರ ಒಳಗೆ ಇಳಿದ ದಿನ ಮತ್ತೆ 20 ಮುಟ್ಟಿದ ದಿನ ಎರಡನ್ನೂ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಡಿ, ಮುಂದಿನ ಸಲ ಹ್ಯಾಚರಿಗೆ ಫೋನ್ ಮಾಡೋವಾಗ ಅದೇ ಬೇಕಾಗೋದು.